ಮಲಗಿಸಿದರೆ ಮಲಗಬೇಕು, ಎಬ್ಬಿಸಿದರೆ ಏಳಬೇಕು

ಯಾವ ಗೇಮಿಂಗ್ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರ್) ಕೊಳ್ಳಲಿ ಎಂದು ಕೇಳಿದವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಗೆ ಆಟಕ್ಕೆ ಒಂದು ಸಲಕ್ಕೆ ಎಷ್ಟು ಹೊತ್ತು ಬಿಡುವು ಸಿಗುತ್ತದೆ? ಹೆಚ್ಚಿನವರ ಬಳಿ ಇದಕ್ಕೆ ಉತ್ತರ ಸಿದ್ಧವಿರುವುದಿಲ್ಲ. ಪ್ರೊಸೆಸರ್‌ಗಳ ಹೆಸರು, ಪರದೆಯ ಇಂಚು, ಯಾವ ಆಟ ಸೆಕೆಂಡಿಗೆ ಎಷ್ಟು ಫ್ರೇಮ್‌ಗಳಲ್ಲಿ, ಅಂದರೆ ಎಷ್ಟು ಚಿತ್ರಗಳಲ್ಲಿ, ಓಡುತ್ತದೆ ಎಂಬ ಲೆಕ್ಕ, ಇವೆಲ್ಲ ಬಾಯಿಪಾಠವಾಗಿರುತ್ತವೆ. ಅವು ಬೇಡದ ಮಾಹಿತಿಯಲ್ಲ. ಆದರೆ ನಾಲ್ಕೈದು ಯಂತ್ರಗಳನ್ನು ಸ್ವಂತಕ್ಕೆ ಕೊಂಡು, ಗೆಳೆಯರಿಂದ ಎರವಲು ತಂದು, ವಾರಗಟ್ಟಲೆ ಬಳಸಿ ನೋಡಿದ ಮೇಲೆ ನನಗೆ ಆ ಲೆಕ್ಕಗಳ ಮೇಲಿನ ಮೋಹ ಇಳಿದಿದೆ.

ನನಗೆ ಸಿಗುವುದು ಇಪ್ಪತ್ತು ನಿಮಿಷ. ಮಗಳು ನಿದ್ದೆ ಹೋದ ಮೇಲೆ ಅವಳ ಪಕ್ಕದಲ್ಲೇ ಒರಗಿಕೊಂಡು ಆಡುವ ಇಪ್ಪತ್ತು ನಿಮಿಷ. ಅವಳು ಮಗ್ಗುಲು ಬದಲಿಸಿ ಕಣ್ಣು ಬಿಟ್ಟರೆ ಅದೂ ಐದಕ್ಕೇ ಮುಗಿಯುತ್ತದೆ. ಇಂಥ ಬಿಡುವಿನಲ್ಲಿ ಆಡುವವನಿಗೆ ಯಂತ್ರದ ವೇಗಕ್ಕಿಂತ ಮುಖ್ಯವಾದ ಗುಣ ಒಂದಿದೆ. ಪವರ್ ಬಟನ್ ಒತ್ತಿದರೆ ಅದು ಇದ್ದ ಸ್ಥಿತಿಯಲ್ಲೇ ಮಲಗಬೇಕು, ಮತ್ತೆ ಒತ್ತಿದರೆ ಅದೇ ಸ್ಥಿತಿಯಲ್ಲಿ ಏಳಬೇಕು. ಹೇಳಲು ಇಷ್ಟು ಸುಲಭವಾದದ್ದು ಮಾಡಲು ಎಷ್ಟು ಕಷ್ಟ ಎಂಬುದು ನನ್ನ ಮೊದಲ ಹ್ಯಾಂಡ್‌ಹೆಲ್ಡ್‌ನಿಂದ ತಿಳಿಯಿತು.

ಅದು ವಿಂಡೋಸ್ ಯಂತ್ರ. ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ರಾತ್ರಿ ಸ್ಟಾರ್‌ಡ್ಯೂ ವ್ಯಾಲಿ ಆಡುತ್ತಿದ್ದೆ. ಆ ಆಟದಲ್ಲಿ ಒಂದು ದಿನವೆಂದರೆ ನಮ್ಮ ಸುಮಾರು ಹದಿನಾಲ್ಕು ನಿಮಿಷ, ಮತ್ತು ಪಾತ್ರ ಹಾಸಿಗೆ ಸೇರಿ ದಿನ ಮುಗಿದಾಗ ಮಾತ್ರ ಆಟ ಸೇವ್ ಆಗುತ್ತದೆ. ಅರ್ಧ ದಿನ ಕಳೆದಿತ್ತು, ಮಗಳು ಎದ್ದಳು, ನಾನು ಬಟನ್ ಒತ್ತಿ ಯಂತ್ರವನ್ನು ಚೀಲಕ್ಕೆ ಹಾಕಿದೆ. ಬೆಳಿಗ್ಗೆ ಚೀಲ ತೆರೆದರೆ ಯಂತ್ರ ಕಾವಲಿಯಂತೆ ಬಿಸಿಯಾಗಿತ್ತು. ಮುಚ್ಚಿದ ಚೀಲದೊಳಗೆ ತಾನೇ ಎದ್ದು, ಫ್ಯಾನ್ ತಿರುಗಿಸಿಕೊಂಡು, ಬ್ಯಾಟರಿಯನ್ನು ಬರಿದು ಮಾಡಿಕೊಂಡಿತ್ತು. ಆಟದ ಆ ದಿನ ಹೋಯಿತು. ಹೋದದ್ದು ಏಳೆಂಟು ನಿಮಿಷದ ಆಟವಷ್ಟೇ, ನಿಜ. ಆದರೆ ಅಂದಿನಿಂದ ಆ ಯಂತ್ರವನ್ನು ನಂಬಿ ಮಲಗಿಸಲು ನನಗೆ ಮನಸ್ಸು ಬರಲಿಲ್ಲ. ನಂಬಿಕೆ ಹೋದ ಮೇಲೆ ಆಟ ತೆರೆಯುವ ಮೊದಲೇ ಲೆಕ್ಕ ಹಾಕತೊಡಗುತ್ತೇವೆ: ಈಗ ಶುರು ಮಾಡಿದರೆ ಮುಗಿಸಲಾಗುತ್ತದೆಯೇ? ಹಾಗೆ ಲೆಕ್ಕ ಹಾಕಿ ಎಷ್ಟೋ ರಾತ್ರಿ ಯಂತ್ರವನ್ನು ಮುಟ್ಟದೆ ಮಲಗಿದ್ದೇನೆ.

ಕಾರಣ ಇಲ್ಲದೆ ಹೀಗಾಗುವುದಿಲ್ಲ. ಇಂದಿನ ವಿಂಡೋಸ್ ಯಂತ್ರಗಳ ಸ್ಲೀಪ್ ಪೂರ್ಣ ನಿದ್ದೆಯಲ್ಲ. ಮೊಬೈಲ್‌ನಂತೆ ಅರೆ ಎಚ್ಚರದಲ್ಲಿದ್ದು, ನೆಟ್‌ವರ್ಕ್ ಮತ್ತು ಅಪ್‌ಡೇಟ್‌ಗಳತ್ತ ಕಿವಿ ತೆರೆದಿಟ್ಟುಕೊಳ್ಳುವ ವ್ಯವಸ್ಥೆ ಅದು. ಯಾವುದೋ ಒಂದು ಡ್ರೈವರ್, ಯಾವುದೋ ಒಂದು ಹಿನ್ನೆಲೆಯ ಕೆಲಸ ತಟ್ಟಿದರೆ ಸಾಕು, ಎದ್ದು ಕೂರುತ್ತದೆ. ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ಗೆ ಇದು ಸಣ್ಣ ಕಿರಿಕಿರಿ. ಚೀಲದಲ್ಲಿರುವ ಆಟದ ಯಂತ್ರಕ್ಕೆ ಇದು ದೊಡ್ಡ ದೋಷ.

ವಾಲ್ವ್ ಕಂಪನಿಯ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ 2022ರ ಫೆಬ್ರವರಿಯಲ್ಲಿ ಜನರ ಕೈಗೆ ಬಂದಾಗ ಅದರ ಬಗ್ಗೆ ನಡೆದ ಚರ್ಚೆಯೆಲ್ಲ ವಿಂಡೋಸ್‌ಗಾಗಿ ಬರೆದ ಆಟಗಳು ಲಿನಕ್ಸ್‌ನಲ್ಲಿ ಓಡುತ್ತವೆಯೇ ಎಂಬುದರ ಸುತ್ತಲೇ ಇತ್ತು. ವಾಲ್ವ್ 2018ರಲ್ಲೇ ಹೊರತಂದಿದ್ದ ಪ್ರೋಟಾನ್ ಎಂಬ ಪದರ ಆ ಕೆಲಸವನ್ನು ಅಚ್ಚರಿಯಾಗುವಷ್ಟು ಚೆನ್ನಾಗಿ ಮಾಡುತ್ತದೆ. ಆದರೆ ನನ್ನನ್ನು ಗೆದ್ದದ್ದು ಅದಲ್ಲ. ಗೆಳೆಯನೊಬ್ಬನ ಡೆಕ್ ಕೈಗೆ ಬಂದ ದಿನ, ಪಾತ್ರ ಗಾಳಿಯಲ್ಲಿ ಜಿಗಿದಿರುವಾಗ ಬೇಕೆಂದೇ ಬಟನ್ ಒತ್ತಿದೆ. ಪರದೆ ಕಪ್ಪಾಯಿತು. ಮರುದಿನ ಸಂಜೆ ಒತ್ತಿದೆ. ಕೆಲವೇ ಕ್ಷಣಗಳಲ್ಲಿ ಪಾತ್ರ ಅದೇ ಗಾಳಿಯಲ್ಲಿತ್ತು, ಜಿಗಿತ ಮುಗಿಸಿ ನೆಲ ಮುಟ್ಟಿತು. ತೂಕ, ಪರದೆ, ವೇಗ ಎಲ್ಲವನ್ನೂ ಅಳೆಯಬೇಕಾದ ನೆಲೆ ಇದೇ ಎಂದು ಅಂದು ನನಗೆ ಖಚಿತವಾಯಿತು.

ವೇಗದ ಮಾತಿಗೆ ಬರುತ್ತೇನೆ, ಏಕೆಂದರೆ ಜನರ ದಾರಿ ತಪ್ಪುವುದು ಅಲ್ಲಿಯೇ. 2023ರಲ್ಲಿ ಬಂದ ಏಸುಸ್ ರಾಗ್ ಆಲೈಯ ಮೇಲಿನ ಮಾದರಿ ಕಾಗದದ ಮೇಲೆ ಡೆಕ್‌ಗಿಂತ ಬಹಳ ಮುಂದಿತ್ತು. ಡೆಕ್‌ನಲ್ಲಿ ನಾಲ್ಕು ಕೋರ್, ಆಲೈಯಲ್ಲಿ ಎಂಟು. ಗ್ರಾಫಿಕ್ಸ್ ಭಾಗವೂ ಒಂದು ಪೀಳಿಗೆ ಹೊಸದು. ಆದರೆ ಆ ವೇಗ ಹೊರಬರುವುದು ಪ್ರೊಸೆಸರ್‌ಗೆ 25 ವ್ಯಾಟ್ ಕೊಟ್ಟಾಗ, ಚಾರ್ಜರ್ ಸಿಕ್ಕಿಸಿದರೆ 30 ವ್ಯಾಟ್ ಕೊಟ್ಟಾಗ. ಮೊದಲ ಆಲೈಯ ಬ್ಯಾಟರಿ 40 ವ್ಯಾಟ್-ಅವರ್. 40ನ್ನು 25ರಿಂದ ಭಾಗಿಸಿ ನೋಡಿ: ಪ್ರೊಸೆಸರ್ ಒಂದಕ್ಕೇ ಆದರೂ ತೊಂಬತ್ತಾರು ನಿಮಿಷ. ಪರದೆ, ಮೆಮೊರಿ, ವೈಫೈ, ಫ್ಯಾನ್ ತಮ್ಮ ಪಾಲು ಕೇಳಿದ ಮೇಲೆ ಉಳಿಯುವುದು ಇನ್ನೂ ಕಡಿಮೆ. ಡೆಕ್‌ನ ಪ್ರೊಸೆಸರ್ ಹುಟ್ಟಿದ್ದೇ 4ರಿಂದ 15 ವ್ಯಾಟ್‌ಗಳ ನಡುವೆ ದುಡಿಯಲು. ಇಬ್ಬರನ್ನೂ 15 ವ್ಯಾಟ್‌ನಲ್ಲಿ ನಿಲ್ಲಿಸಿದರೆ ಅಂತರ ಬಹಳ ಕುಗ್ಗುತ್ತದೆ. ಅದಕ್ಕೂ ಕೆಳಗಿಳಿದರೆ ಹಳೆಯ ಡೆಕ್ ಮುಂದೆ ಬರುವುದೂ ಉಂಟು. ಚಾರ್ಜರ್ ಸಿಕ್ಕಿಸಿ ಅಳೆದ ಫ್ರೇಮ್‌ಗಳನ್ನು ತೋರಿಸಿ ‘ಎಲ್ಲಿ ಬೇಕಾದರೂ ಆಡಿ’ ಎಂದು ಮಾರುವುದು ನನ್ನ ಕಣ್ಣಿಗೆ ಸರಿಯಾದ ವ್ಯಾಪಾರವಲ್ಲ. 15 ವ್ಯಾಟ್‌ನಲ್ಲಿ ಎಷ್ಟು ಫ್ರೇಮ್, ಎಷ್ಟು ಗಂಟೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರೆ ಕೊಳ್ಳುವವನಿಗೆ ಎಷ್ಟು ಉಪಕಾರ!

ಏಸುಸ್ ಆ ಕೊರತೆಯನ್ನು ಬೇಗ ಸರಿಪಡಿಸಿತು ಎಂಬುದನ್ನೂ ಹೇಳಬೇಕು. 2024ರ ಆಲೈ ಎಕ್ಸ್‌ನಲ್ಲಿ ಬ್ಯಾಟರಿ ನೇರವಾಗಿ ಇಮ್ಮಡಿಯಾಗಿ 80 ವ್ಯಾಟ್-ಅವರ್ ಆಯಿತು, ತೂಕ ಏರಿದ್ದು 608 ಗ್ರಾಂನಿಂದ 678ಕ್ಕೆ ಮಾತ್ರ. ಎಪ್ಪತ್ತು ಗ್ರಾಂಗೆ ಅಷ್ಟು ಗಳಿಕೆ ಎಂದರೆ ನಾನು ಕಣ್ಣು ಮುಚ್ಚಿ ಒಪ್ಪುತ್ತೇನೆ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಜೊತೆಗೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆಗಿರುವುದರಿಂದ ಇನ್ನು ಬಹಳ ಮೇಲೇರಲು ಜಾಗವೂ ಇಲ್ಲ. ಮುಂದೆ ಉಳಿದಿರುವ ದಾರಿ ಕಡಿಮೆ ವ್ಯಾಟ್‌ನಲ್ಲಿ ಹೆಚ್ಚು ಕೆಲಸ ತೆಗೆಯುವುದೊಂದೇ. ಎಂಎಸ್‌ಐ ಕಂಪನಿಯ ಹ್ಯಾಂಡ್‌ಹೆಲ್ಡ್ ಆದ ಕ್ಲಾದ ಮೊದಲ ಮಾದರಿ ಈ ವಿಷಯದಲ್ಲಿ ನಿರಾಸೆ ಮಾಡಿತ್ತು. ಇಂಟೆಲ್‌ನ ಲೂನಾರ್ ಲೇಕ್ ಪ್ರೊಸೆಸರ್ ಹೊತ್ತು ಬಂದ ಎಂಟು ಇಂಚಿನ ಕ್ಲಾ ಮಾತ್ರ ಕಡಿಮೆ ವ್ಯಾಟ್‌ನಲ್ಲಿ ನಿಜಕ್ಕೂ ಚೆನ್ನಾಗಿ ಓಡುತ್ತದೆ.

ಪರದೆಯ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಡೆಕ್‌ನ ಪರದೆಯಲ್ಲಿರುವುದು 1280×800, ಅಂದರೆ ಹತ್ತು ಲಕ್ಷ ಚಿಲ್ಲರೆ ಪಿಕ್ಸೆಲ್. ಆಲೈಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಲೆನೊವೊದ ಮೊದಲ ಲೀಜನ್ ಗೋದಲ್ಲಿ 2560×1600, ಸರಿಯಾಗಿ ಡೆಕ್‌ನ ನಾಲ್ಕು ಪಟ್ಟು. ಪ್ರತಿ ಫ್ರೇಮ್‌ನಲ್ಲೂ ಅಷ್ಟು ಪಿಕ್ಸೆಲ್‌ಗಳಿಗೆ ಬಣ್ಣ ತುಂಬಲು ಈ ಸಣ್ಣ ಪ್ರೊಸೆಸರ್‌ಗಳಲ್ಲಿ ಕಸುವಿಲ್ಲ. ಭಾರವಾದ ಆಟಗಳನ್ನು ಕಡಿಮೆ ರೆಸಲ್ಯೂಷನ್‌ನಲ್ಲೇ ಓಡಿಸಿ ಹಿಗ್ಗಿಸಬೇಕು. ಹಾಗಿದ್ದ ಮೇಲೆ ಅಷ್ಟು ಪಿಕ್ಸೆಲ್ ಏಕೆ? ಲೆನೊವೊಗೂ ಇದು ಹೊಳೆದಿರಬೇಕು, 2025ರ ಲೀಜನ್ ಗೋ 2ರಲ್ಲಿ 1920×1200ಕ್ಕೆ ಇಳಿದು, ಬದಲಿಗೆ ಒಎಲ್‌ಇಡಿ ಪರದೆ ಕೊಟ್ಟಿತು. ಅದು ಜಾಣ ನಿರ್ಧಾರ. ಕತ್ತಲೆ ಕೋಣೆಯಲ್ಲಿ ಆಡುವ ನನ್ನಂಥವನಿಗೆ ಕಪ್ಪು ನಿಜವಾಗಿ ಕಪ್ಪಾಗಿ ಕಾಣುವುದು ಪಿಕ್ಸೆಲ್ ಎಣಿಕೆಗಿಂತ ದೊಡ್ಡ ಸುಖ. 2023ರ ನವೆಂಬರ್‌ನಲ್ಲಿ ಬಂದ ಒಎಲ್‌ಇಡಿ ಡೆಕ್ ಕೊಂಡದ್ದೂ ಅದಕ್ಕಾಗಿಯೇ.

ಇದರ ಜೊತೆ ಒಂದು ಸಣ್ಣ ಉಪಾಯ ಹೇಳಿಬಿಡುತ್ತೇನೆ. ಭಾರವಾದ ಆಟಗಳಿಗೆ 60 ಫ್ರೇಮ್‌ಗಳ ಹಟ ಬಿಡಿ, 40ಕ್ಕೆ ಮಿತಿ ಹಾಕಿ. 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಇವುಗಳ ನಟ್ಟನಡುವೆ ಬರುವುದು 25, ಅದೇ 40 ಫ್ರೇಮ್. ಕಣ್ಣಿಗೆ ಅರ್ಧ ದಾರಿಯ ನಯ, ಬ್ಯಾಟರಿಗೆ ಬಹಳ ವಿಶ್ರಾಂತಿ. ಒಎಲ್‌ಇಡಿ ಡೆಕ್‌ನಲ್ಲಿ ಮಿತಿ ಹಾಕಿದೊಡನೆ ಪರದೆಯೂ ತಾನಾಗಿ 80 ಹರ್ಟ್ಜ್‌ಗೆ, ಅಂದರೆ ಪ್ರತಿ ಫ್ರೇಮ್‌ಗೆ ಎರಡು ಸಲ ಹೊಸದಾಗುವ ಲಯಕ್ಕೆ, ಹೊಂದಿಕೊಳ್ಳುತ್ತದೆ. ಆಲೈಯಲ್ಲಿ ಪರದೆಯೇ ಫ್ರೇಮ್‌ಗಳ ಏರಿಳಿತಕ್ಕೆ ತಕ್ಕಂತೆ ಹೆಜ್ಜೆ ಬದಲಿಸುವ ಸೌಲಭ್ಯವಿದೆ. ಡೆಕ್‌ನಲ್ಲಿ ಅದಿಲ್ಲ, ಮತ್ತು ನನಗೆ ಅದು ಬೇಕಿತ್ತು.

ತೂಕ ಕೈಗೆ ಗೊತ್ತಾಗುವುದು ಹತ್ತನೆಯ ನಿಮಿಷದಲ್ಲಿ, ಅದೂ ಅಂಗಾತ ಮಲಗಿ ಆಡುವಾಗ. ಒಎಲ್‌ಇಡಿ ಡೆಕ್ 640 ಗ್ರಾಂ, ಮೊದಲ ಲೀಜನ್ ಗೋ 854, ಲೀಜನ್ ಗೋ 2 ಹತ್ತಿರ ಹತ್ತಿರ 920. ಲೀಜನ್‌ನ ಪರ ಒಂದು ಮಾತಿದೆ: ಅದರ ಎರಡು ಕಂಟ್ರೋಲರ್‌ಗಳನ್ನು ಬಿಡಿಸಿ, ಪರದೆಯನ್ನು ಹಿಂಬದಿಯ ಆಸರೆಯ ಮೇಲೆ ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆಡಬಹುದು. ಎದುರಿಗೆ ಒಂದು ಸಣ್ಣ ಮೇಜು ಇರುವ ಪಯಣದಲ್ಲಿ ಅದಕ್ಕಿಂತ ಹಿತವಾದ ಯಂತ್ರ ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳಿ ಎಲ್ಲರಿಗೂ ಡೆಕ್ ಕೊಳ್ಳಿ ಎನ್ನಲಾರೆ. ವ್ಯಾಲೊರಂಟ್, ಫೋರ್ಟ್‌ನೈಟ್‌ನಂಥ ಆನ್‌ಲೈನ್ ಆಟಗಳು ಅದರ ಲಿನಕ್ಸ್ ಆಧಾರಿತ ವ್ಯವಸ್ಥೆಯಾದ ಸ್ಟೀಮ್‌ಓಎಸ್‌ನಲ್ಲಿ ಓಡುವುದಿಲ್ಲ. ಮೋಸ ತಡೆಯುವ ಅವುಗಳ ತಂತ್ರಾಂಶ ಲಿನಕ್ಸ್‌ಗೆ ಬಾಗಿಲು ತೆರೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಓಡುತ್ತಿತ್ತು, 2024ರಲ್ಲಿ ಅದೂ ಬಾಗಿಲು ಮುಚ್ಚಿತು. ಗೆಳೆಯರ ಗುಂಪಿನೊಂದಿಗೆ ದಿನವೂ ಇಂಥ ಆಟಗಳನ್ನೇ ಆಡುವವರು ವಿಂಡೋಸ್ ಯಂತ್ರವನ್ನೇ ಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆನ್‌ಲೈನ್ ಪಂದ್ಯವನ್ನು ನಡುವೆ ಮಲಗಿಸಲು ಹೇಗೂ ಆಗುವುದಿಲ್ಲವಾದ್ದರಿಂದ ನನ್ನ ಅಳತೆಗೋಲೂ ಅವರಿಗೆ ಅಷ್ಟು ಅನ್ವಯಿಸದು.

ಗಡಿಗಳು ಕರಗುತ್ತಿರುವುದು ನನಗೆ ಸಂತೋಷದ ಸಂಗತಿ. 2025ರ ಮೇ ತಿಂಗಳಲ್ಲಿ ಲೀಜನ್ ಗೋ ಎಸ್ ಅಧಿಕೃತವಾಗಿ ಸ್ಟೀಮ್‌ಓಎಸ್‌ನೊಂದಿಗೇ ಬಂತು, ವಾಲ್ವ್ ಬಿಟ್ಟು ಬೇರೆ ಕಂಪನಿಯ ಯಂತ್ರದಲ್ಲಿ ಇದೇ ಮೊದಲು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಹೆಸರು ಹೊತ್ತ ಆಲೈಗಳು ಬಂದವು. ಅವುಗಳಲ್ಲಿ ವಿಂಡೋಸ್ ತನ್ನ ಡೆಸ್ಕ್‌ಟಾಪ್ ತೆರೆಯದೆ ನೇರವಾಗಿ ಆಟಗಳ ಪುಟಕ್ಕೆ ಏಳುತ್ತದೆ, ಹಿನ್ನೆಲೆಯ ಹೊರೆ ಇಳಿಸಿ ಮೆಮೊರಿ ಉಳಿಸುತ್ತದೆ. ಮೈಕ್ರೋಸಾಫ್ಟ್ ಈ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ನಡೆಯಲಿ ಎಂದು ಮನಸಾರೆ ಬಯಸುತ್ತೇನೆ.

ಕೊಳ್ಳುವ ಮುನ್ನ ಯಾರದಾದರೂ ಯಂತ್ರ ಕೈಗೆ ಸಿಕ್ಕರೆ ಅಳತೆಯ ಪರೀಕ್ಷೆಗಳನ್ನು ಓಡಿಸುತ್ತ ಕೂರಬೇಡಿ. ನಿಮಗೆ ಇಷ್ಟವಾದ ಆಟ ತೆರೆಯಿರಿ, ನಡುವೆ ಎಲ್ಲೋ ಒಂದು ಕಡೆ ಬಟನ್ ಒತ್ತಿ ಚೀಲದಲ್ಲಿಡಿ, ಬ್ಯಾಟರಿ ಎಷ್ಟಿತ್ತೆಂದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ತೆಗೆದು ನೋಡಿ.