ಚಿತ್ರಕಲಾ ಪರಿಷತ್ತಿನ ಬಾಗಿಲು ವರ್ಷಕ್ಕೆ ಒಂದೇ ದಿನ ತೆರೆಯುವುದಲ್ಲ

'ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಬರೀ ಕಾಲೇಜು. ಚಿತ್ರಸಂತೆಯ ದಿನ ಬಿಟ್ಟರೆ ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿತ್ತು. ಇದು ತಪ್ಪು.

ಅರ್ಧ ಮಾತು ಸರಿ. ಅಲ್ಲಿ ಕಲೆಯ ಪದವಿ ಓದಿಸುವ ಕಾಲೇಜು ಇದೆ. ಆದರೆ 1960ರಲ್ಲಿ ಶುರುವಾದ ಪರಿಷತ್ತು ಅಷ್ಟಕ್ಕೇ ನಿಂತಿಲ್ಲ. ಆವರಣದ ಗ್ಯಾಲರಿಗಳಲ್ಲಿ ಕಲಾವಿದರ ಪ್ರದರ್ಶನಗಳು ನಡೆಯುತ್ತಲೇ ಇರುತ್ತವೆ. ಅವನ್ನು ನೋಡಲು ವಿದ್ಯಾರ್ಥಿಯೇ ಆಗಿರಬೇಕಿಲ್ಲ. ಆವರಣದಲ್ಲೇ ನಡೆಯುವ ಕರಕುಶಲ ಮೇಳಕ್ಕೆ ಸೀರೆ ನೋಡಲು ಹೋದವರೂ ಹಾಗೇ ಒಳಗೆ ಒಂದು ಸುತ್ತು ಹಾಕಬಹುದು ಅಲ್ವಾ?

ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಅಲ್ಲಿನ ವಸ್ತುಸಂಗ್ರಹಾಲಯ. ರಷ್ಯಾ ಮೂಲದ ಚಿತ್ರಕಾರರಾದ ನಿಕೋಲಸ್ ಮತ್ತು ಸ್ವೆತೊಸ್ಲಾವ್ ರೋರಿಕ್, ಅಂದರೆ ತಂದೆ ಮಗ ಇಬ್ಬರ ಚಿತ್ರಗಳೂ ಅಲ್ಲಿವೆ. ಕಲಾಕೃತಿಗಳನ್ನು ಕೂಡಿಟ್ಟ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರ ಸಂಗ್ರಹವಿದೆ. ನನಗೆ ಎಲ್ಲಕ್ಕಿಂತ ಇಷ್ಟ ತೊಗಲುಗೊಂಬೆಗಳು. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಹಳ್ಳಿಗಳ ಗೊಂಬೆಯಾಟದವರ ಕಲೆಯನ್ನು ಅಧ್ಯಯನ ಮಾಡಿ, ಇವನ್ನು ಉಳಿಸಿಕೊಂಡವರು. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಅಲ್ಲಿಗೇ ಹೋಗಿ.

ಚಿತ್ರಸಂತೆಯೇ ಬೇರೆ. ಅದು ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ. ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಎರಡೂ ಬದಿಯಲ್ಲಿ ಚಿತ್ರಗಳನ್ನಿಟ್ಟು ಮಾರುತ್ತಾರೆ. ಪ್ರವೇಶ ಉಚಿತ. ಬಹುಶಃ ಈ ಜಾತ್ರೆಯ ಗದ್ದಲ ನೋಡಿದವರೇ ಉಳಿದ ದಿನ ಗೇಟು ಮುಚ್ಚಿರುತ್ತದೆ ಅಂದುಕೊಂಡಿರಬೇಕು.

ವಸ್ತುಸಂಗ್ರಹಾಲಯಕ್ಕೆ ಮಾತ್ರ ಟಿಕೆಟ್ ಇದೆ, ರಜೆಯ ದಿನಗಳೂ ಇವೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ.