ಹಳದಿಯೋ, ಹಸಿರೋ?

ಮೀನಿನ ತೊಟ್ಟಿಯ ನೀರು ಕಣ್ಣಿಗೆ ತೀರ ಹಿತವಾಗಿದ್ದಾಗಲೇ ಅದರ ಮೇಲೆ ಹೆಚ್ಚು ಅನುಮಾನ ಪಡಬೇಕು ಎಂಬುದು ನನ್ನ ಮತ. ಬಗ್ಗಡವಾದ ನೀರು, ಪಾಪ, ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ. ಹೊಸ ಮರಳಿನ ದೂಳೆದ್ದ ನೀರಿನಲ್ಲಿ ಮೀನು ಆರಾಮವಾಗಿ ಓಡಾಡಿಕೊಂಡಿರುವುದುಂಟು. ತೊಟ್ಟಿಯ ಆಚೆಗಿನ ಗೋಡೆಯಲ್ಲಿ ನೇತಾಡುವ ಕ್ಯಾಲೆಂಡರಿನ ತಾರೀಕನ್ನು ಈಚೆಯಿಂದಲೇ ಓದಬಹುದಾದಷ್ಟು ತಿಳಿಯಾದ ನೀರಿನಲ್ಲಿ ಅದೇ ಮೀನು ಮೂಲೆ ಹಿಡಿದು ಏದುಸಿರು ಬಿಡುವುದೂ ಉಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದ ಹಿರಿಯರು ತಿಳಿಯಾಗಿರುವುದೆಲ್ಲ ಶುದ್ಧವಲ್ಲ ಎಂದು ಇನ್ನೊಂದು ಗಾದೆ ಮಾಡಿಟ್ಟಿದ್ದರೆ ಅಕ್ವೇರಿಯಂ ಇಟ್ಟುಕೊಂಡವರಿಗೆ ಉಪಕಾರವಾಗುತ್ತಿತ್ತು. ನೀರಿನಲ್ಲಿ ಕರಗಿದ ಅಮೋನಿಯಾಕ್ಕೆ ಬಣ್ಣವಿಲ್ಲ. ನೈಟ್ರೈಟಿಗಿಲ್ಲ, ನೈಟ್ರೇಟಿಗೂ ಇಲ್ಲ. ಮೀನನ್ನು ಕೊಲ್ಲಲು ಸಾಕಾಗುವಷ್ಟು ಅಮೋನಿಯಾ ನಮ್ಮ ಮೂಗಿಗೆ ಗೊತ್ತೇ ಆಗದಿರಬಹುದು.

ಮೀನು ನೀರು ಕುಡಿಯುವುದನ್ನು ಕಂಡವರಿಲ್ಲ ಎಂಬ ಹಳೆಯ ಮಾತೊಂದಿದೆ. ಬೊಕ್ಕಸದ ಹಣ ತಿನ್ನುವ ಅಧಿಕಾರಿಗಳನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ತಿಳಿಸಲು ಆಡಿದ ಮಾತು. ಅಧಿಕಾರಿಗಳ ವಿಷಯ ಹಾಗಿರಲಿ, ಸಿಹಿನೀರಿನ ಮೀನಿನ ಮೇಲೆ ಇದು ಸುಳ್ಳು ಆಪಾದನೆ. ಅದು ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಹೆಚ್ಚಿರುವುದರಿಂದ ಕಿವಿರುಗಳ ಮೂಲಕ ನೀರು ತಾನಾಗಿಯೇ ಒಳಗೆ ಬರುತ್ತಿರುತ್ತದೆ. ಬಂದದ್ದನ್ನು ಹೊರಹಾಕುವುದೇ ಅದಕ್ಕೆ ದಿನವಿಡೀ ಕೆಲಸ. ನಮ್ಮ ಕಣ್ಣಿಗೆ ಬೀಳದೆ ನಡೆಯುವುದು ಕುಡಿತವಲ್ಲ, ವಿಸರ್ಜನೆ. ಮೀನಿನ ಮೈಯಲ್ಲಿ ಉಂಟಾದ ಅಮೋನಿಯಾದ ಬಹುಪಾಲು ಇದೇ ಕಿವಿರುಗಳಿಂದ, ಉಸಿರಾಟದ ಜೊತೆಜೊತೆಗೇ, ನೀರಿಗೆ ಸೇರುತ್ತದೆ. ತಿಂದು ಉಳಿದ ಆಹಾರ ಕೊಳೆತು ಇನ್ನಷ್ಟನ್ನು ಸೇರಿಸುತ್ತದೆ. ಹೊಳೆಯಲ್ಲಿದ್ದರೆ ಅದು ಹರಿದು ಹೋಗುತ್ತಿತ್ತು. ನಾಲ್ಕು ಗಾಜಿನ ಗೋಡೆಗಳ ನಡುವೆ ಹೋಗುವುದೆಲ್ಲಿಗೆ? ಮೀನು ತಾನು ಬಿಟ್ಟದ್ದರಲ್ಲೇ ಮತ್ತೆ ಉಸಿರಾಡಬೇಕು.

ಆದ್ದರಿಂದ ನೀರು ಪರೀಕ್ಷಿಸುವ ಕಿಟ್. ಒಂದಿಷ್ಟು ಹನಿ ಬಾಟಲಿಗಳು, ಐದು ಮಿಲಿಲೀಟರಿಗೆ ಗೆರೆ ಎಳೆದ ಗಾಜಿನ ಪ್ರನಾಳಗಳು, ಬಣ್ಣದ ಚೌಕಗಳಿರುವ ಒಂದು ರಟ್ಟು. ಅದ್ದಿ ತೆಗೆಯುವ ಕಾಗದದ ಪಟ್ಟಿಗಳೂ ಸಿಗುತ್ತವೆ. ಅವಸರದವರಿಗೆ ಅನುಕೂಲವೇನೋ ಹೌದು; ಆದರೆ ಡಬ್ಬಿಯ ಮುಚ್ಚಳ ಸಡಿಲವಾಗಿ ಒಂದಿಷ್ಟು ತೇವ ತಗುಲಿತೆಂದರೆ ಬಾಯಿಗೆ ಬಂದದ್ದನ್ನು ಹೇಳತೊಡಗುತ್ತವೆ. ನಾನು ಹನಿಗಳ ಪಕ್ಷದವನು.

ಹನಿಗಳ ಪಕ್ಷದಲ್ಲಿ ಶಿಸ್ತು ಜಾಸ್ತಿ. ಪ್ರನಾಳವನ್ನು ತೊಟ್ಟಿಯ ನೀರಿನಲ್ಲೇ ಒಮ್ಮೆ ಗಲಬರಿಸಿ ಗೆರೆಯವರೆಗೆ ತುಂಬಬೇಕು. ಅದರೊಳಗೆ ನೀರು ಅಂಚುಗಳಲ್ಲಿ ಗಾಜಿಗೆ ಅಂಟಿಕೊಂಡು ಮೇಲೇರಿ ನಡುವೆ ತಗ್ಗಾಗಿ ನಿಲ್ಲುತ್ತದೆ. ಗೆರೆಗೆ ತಾಗಬೇಕಾದದ್ದು ಆ ತಗ್ಗಿನ ತಳ. ಅದನ್ನು ಸರಿಯಾಗಿ ನೋಡಲು ಕಣ್ಣನ್ನು ಅದೇ ಮಟ್ಟಕ್ಕೆ ಇಳಿಸಬೇಕು. ಆ ಹೊತ್ತಿಗೆ ಮನೆಗೆ ಬಂದವರು, ಮೇಜಿನ ಅಂಚಿಗೆ ಗಲ್ಲವಿಟ್ಟು ಒಂದು ಕಣ್ಣು ಮುಚ್ಚಿ ಕುಳಿತವನನ್ನು ಕಂಡು, ಏನೋ ಕಳೆದುಕೊಂಡಿದ್ದಾರೆ ಎಂದು ತಾವೂ ನೆಲದ ಮೇಲೆ ಹುಡುಕತೊಡಗುತ್ತಾರೆ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು, ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಹೆಬ್ಬೆರಳನ್ನೇ ಬಿರಡೆ ಮಾಡಿಕೊಂಡು ಪ್ರನಾಳ ಅಲುಗಿಸುವ ಶೂರರಿದ್ದಾರೆ. ಅವರ ಪರೀಕ್ಷೆಯಲ್ಲಿ ನೀರಿನ ಜೊತೆಗೆ ಬೆರಳಿನ ಬೆವರೂ ಸೇರಿಕೊಳ್ಳುತ್ತದೆ, ರಾಸಾಯನಿಕ ಚರ್ಮಕ್ಕೂ ತಾಗುತ್ತದೆ. ಎಲ್ಲ ಮುಗಿಸಿ ಐದು ನಿಮಿಷ ಕಾದರೆ ಬಣ್ಣ ಬರುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಬಣ್ಣ ಬಂದ ಮೇಲೆ. ಅಮೋನಿಯಾ ಪರೀಕ್ಷೆಯಲ್ಲಿ ಸೊನ್ನೆಗೆ ಹಳದಿ. ಅಮೋನಿಯಾ ಏರಿದಂತೆ ಹಸಿರು. ರಟ್ಟಿನಲ್ಲಿ ಮೊದಲ ಚೌಕ ಸೊನ್ನೆ, ಎರಡನೆಯದು ಲೀಟರಿಗೆ 0.25 ಮಿಲಿಗ್ರಾಂ. ಈ ಎರಡು ಚೌಕಗಳ ನಡುವೆ ಇರುವ ವ್ಯತ್ಯಾಸ ಮುದ್ರಿಸಿದವನಿಗೆ ಗೊತ್ತಿರಬಹುದು. ಹೊತ್ತು ಮುಳುಗಿದ ಮೇಲೆ ಹಳದಿ ಬಲ್ಬಿನ ಕೆಳಗೆ ನೋಡಿದರೆ ಎಲ್ಲ ನೀರೂ ಉತ್ತಮವೇ. ಹಗಲು ಬೆಳಕಿನಲ್ಲಿ, ಬಿಳಿ ಹಿನ್ನೆಲೆಗೆ ಒತ್ತಿ ಹಿಡಿದು ನೋಡಬೇಕು. ಒತ್ತಿ ಹಿಡಿದರೆ ಬಣ್ಣ ಗಾಢ, ಸ್ವಲ್ಪ ದೂರ ಹಿಡಿದರೆ ತಿಳಿ. ಯಾವ ಹಿಡಿತ ನ್ಯಾಯವಾದದ್ದು ಎಂಬುದನ್ನು ಆಯಾ ದಿನದ ಮನಸ್ಸು ನಿರ್ಧರಿಸುತ್ತದೆ.

“ನೋಡು, ಇದು ಹಳದಿ ತಾನೇ?” ಎಂದು ನಾನು ಕೇಳುತ್ತೇನೆ. ನ್ಯಾಯಾಲಯದಲ್ಲಿ ಇಂಥ ಪ್ರಶ್ನೆಗೆ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಿದ್ದರು.

“ಹಸಿರಿದೆಯಲ್ಲ, ರೀ,” ಎನ್ನುತ್ತಾಳೆ ಹೆಂಡತಿ.

“ಎರಡೂ ಅಲ್ಲ ಅಪ್ಪ, ಹಳದಿಗೆ ಹಸಿರಾಗುವ ಆಸೆ ಬಂದಿದೆ,” ಎಂದು ಮಗಳು ತೀರ್ಪು ಕೊಡುತ್ತಾಳೆ. ಮೂವರಲ್ಲಿ ಅವಳದ್ದೇ ನಿಖರವಾದ ಓದು ಎಂದು ಒಪ್ಪಿಕೊಳ್ಳಬೇಕು.

ಬಣ್ಣ ಓದುವವನ ಕಣ್ಣಿಗೆ ಅವನ ಆಸೆ ಅಂಟಿಕೊಂಡಿರುತ್ತದೆ. ವಾರವಿಡೀ ಕೈತುಂಬ ಆಹಾರ ಸುರಿದವನಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ; ನೀರು ಬದಲಿಸಲು ಬೇಸರವಿರುವವನಿಗೂ ಅಷ್ಟೇ. ನೀರು ಶುದ್ಧ ಮಾಡುವ ದ್ರಾವಣ ಮಾರುವವನಿಗೆ ಮಾತ್ರ ಹಸಿರು ಬಹು ಬೇಗ ಕಾಣುತ್ತದೆ. ಇದಕ್ಕೆ ನನಗೆ ತಿಳಿದ ಒಳ್ಳೆಯ ಉಪಾಯವೆಂದರೆ ಪ್ರನಾಳವನ್ನು ಏನೂ ಹೇಳದೆ ಬೇರೊಬ್ಬರ ಕೈಗೆ ಕೊಟ್ಟು ಯಾವ ಚೌಕಕ್ಕೆ ಹತ್ತಿರ ಎಂದು ಕೇಳುವುದು. ಪಕ್ಕದಲ್ಲೇ ನಲ್ಲಿ ನೀರಿನದೂ ಒಂದು ಪ್ರನಾಳವಿದ್ದರೆ ಇನ್ನೂ ಒಳ್ಳೆಯದು. ಕೆಲವು ಕಡೆ ನೀರು ಶುದ್ಧೀಕರಿಸಲು ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಾರೆ. ಕ್ಲೋರಿನ್ ನೀರನ್ನು ಬಿಟ್ಟಿಟ್ಟರೆ ಹಾರಿಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕ್ಲೋರಿನ್ ತೆಗೆಯಲು ಬಳಸುವ ಥಯೋಸಲ್ಫೇಟ್ ಹಾಕಿ ಒಡೆದರೆ ಅಮೋನಿಯಾವನ್ನು ಹಿಂದೆ ಬಿಟ್ಟು ಹೋಗುತ್ತದೆ. ತಪ್ಪು ನಲ್ಲಿಯದ್ದಾಗಿದ್ದು, ಮೀನನ್ನು ಉಪವಾಸ ಕೆಡವಿದರೆ ಏನು ಫಲ?

ಕಾಲು ಮಿಲಿಗ್ರಾಮಿಗೆ ಇಷ್ಟು ರಂಪವೇಕೆ ಎನ್ನಬಹುದು. ಅದೇ ಕಾಲು ಮಿಲಿಗ್ರಾಂ ಒಂದು ತೊಟ್ಟಿಯಲ್ಲಿ ಸಾಧು, ಇನ್ನೊಂದರಲ್ಲಿ ಘಾತುಕ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನಾಗಿ ಇದ್ದಾಗ ಅಷ್ಟೇನೂ ಕೇಡಿಲ್ಲ, ಬಿಡಿ ಅಮೋನಿಯಾ ಆದಾಗ ಕಿವಿರನ್ನು ಸುಡುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನ ಸಿಹಿನೀರಿನಲ್ಲಿ ಪಿಎಚ್, ಎಂದರೆ ಆಮ್ಲ-ಕ್ಷಾರದ ಅಳತೆ, 7 ಇದ್ದರೆ ಬಿಡಿ ಅಮೋನಿಯಾದ ಪಾಲು ಶೇಕಡಾ ಒಂದಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಸುಮಾರು ಶೇಕಡಾ 5. ಪಿಎಚ್ 9ರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು. ಸಾಮಾನ್ಯ ಕಿಟ್ ತೋರಿಸುವುದು ಎರಡೂ ಸೇರಿದ ಮೊತ್ತವನ್ನು. ಪಿಎಚ್ ತಿಳಿಯದೆ ಅಮೋನಿಯಾದ ಅಂಕಿ ಓದುವುದು ಅರ್ಧ ಕಾಗದ ಓದಿ ಉತ್ತರ ಬರೆದ ಹಾಗೆ.

ಹೊಸ ತೊಟ್ಟಿಯ ಮೊದಲ ನಾಲ್ಕಾರು ವಾರ ಈ ಪರೀಕ್ಷೆಗಳಿಗೆ ನಿಜವಾದ ಸುಗ್ಗಿ. ಮೊದಲು ಅಮೋನಿಯಾ ಏರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೇಲೆ ನಿಧಾನಕ್ಕೆ ಬೀಡುಬಿಟ್ಟು ಅದನ್ನು ನೈಟ್ರೈಟ್ ಮಾಡುತ್ತವೆ. ಅಮೋನಿಯಾ ಇಳಿಯಿತೆಂದು ಹಿಗ್ಗುವಷ್ಟರಲ್ಲಿ ನೈಟ್ರೈಟ್ ಏರಿರುತ್ತದೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಅದಕ್ಕೆ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಗುಳ್ಳೆಗಳು ಬುಳುಬುಳು ಏಳುತ್ತಿರುವ ನೀರಿನಲ್ಲಿ ಮೀನು ಉಸಿರುಗಟ್ಟಿ ಮೇಲಕ್ಕೆ ಬಂದು ಬಾಯಿ ತೆರೆಯುವುದಕ್ಕೆ ಇದೂ ಒಂದು ಕಾರಣ. ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಬಹಳ ಸೌಮ್ಯ ಪದಾರ್ಥ, ತೀರ ಹೆಚ್ಚಾಗದಂತೆ ಆಗಾಗ ನೀರು ಬದಲಿಸಿದರೆ ಸಾಕು.

ಈ ಎರಡು ಹಂತದ ಕೆಲಸವನ್ನು ಎರಡು ಬೇರೆ ಬೇರೆ ಜೀವಿಗಳು ಹಂಚಿಕೊಂಡಿವೆ ಎಂದು 1890ರ ಸುಮಾರಿಗೆ ಸೆರ್ಗೆಯ್ ವಿನೋಗ್ರಾಡ್ಸ್ಕಿ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ತೋರಿಸಿದ. ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಅದನ್ನೇ ನಂಬಿಕೊಂಡಿದ್ದರು. 2015ರಲ್ಲಿ ನೋಡಿದರೆ ಅಮೋನಿಯಾದಿಂದ ನೈಟ್ರೇಟಿನವರೆಗೆ ಇಡೀ ಕೆಲಸವನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾ ಕುಲದ ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ಕಂಡುಹಿಡಿದ ಎರಡು ತಂಡಗಳಲ್ಲಿ ಒಂದಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ತೊಟ್ಟಿಯ ಫಿಲ್ಟರಿನಲ್ಲಿ. ಇಂಥ ಘನವಂತರು ಕುಳಿತಿರುವ ಸ್ಪಂಜನ್ನು ಲೋಳೆಯಾಗಿದೆಯೆಂದು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತಿಕ್ಕುವ ಶುಚಿವಂತರಿಗೆ ಏನು ಹೇಳುವುದು! ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿ ಮತ್ತೆ ಅಲ್ಲೇ ಇಟ್ಟರೆ ಸಾಕು.

ನೈಟ್ರೈಟ್ ಪರೀಕ್ಷೆಯ ಬಣ್ಣ ನನಗೆ ಇಷ್ಟ. ಸೊನ್ನೆ ಇದ್ದಾಗ ತಿಳಿನೀಲಿ, ನೈಟ್ರೈಟ್ ಹೆಚ್ಚಿದಂತೆ ನೇರಳೆ. ಜಗಳಕ್ಕೆ ಆಸ್ಪದ ಕಡಿಮೆ. ಇದರ ಮೂಲ ಪೀಟರ್ ಗ್ರೀಸ್ ಎಂಬ ರಸಾಯನಶಾಸ್ತ್ರಜ್ಞ 1879ರಲ್ಲಿ ವಿವರಿಸಿದ ವಿಧಾನ. ಆತ ಇಂಗ್ಲೆಂಡಿನ ಬರ್ಟನ್‌ನಲ್ಲಿ ಒಂದು ಬಿಯರ್ ತಯಾರಿಕಾ ಸಂಸ್ಥೆಯಲ್ಲಿ ನೌಕರಿ ಮಾಡುತ್ತಿದ್ದವನು. ಪಿಎಚ್ ಮಾಪನವನ್ನು 1909ರಲ್ಲಿ ಲೋಕಕ್ಕೆ ಕೊಟ್ಟ ಸೋರೆನ್ಸನ್ ಕೂಡ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದವನು, ಅದೂ ಬಿಯರಿನವರದ್ದೇ. ಜೀವಮಾನದಲ್ಲಿ ಒಂದು ಹನಿ ಮುಟ್ಟದವರೂ ತಮ್ಮ ಮೀನುಗಳ ಕ್ಷೇಮಕ್ಕಾಗಿ ಬಿಯರ್ ಕಾಯಿಸುವವರಿಗೆ ಋಣಿಗಳು.

ನೈಟ್ರೇಟ್ ಪರೀಕ್ಷೆ ಮಾತ್ರ ತೋಳಿಗೆ ವ್ಯಾಯಾಮ. ನೈಟ್ರೇಟನ್ನು ಕಿಟ್ ನೇರವಾಗಿ ಕಾಣಲಾರದು. ಅದನ್ನು ಮೊದಲು ಹಿಂದಕ್ಕೆ ತಿರುಗಿಸಿ ನೈಟ್ರೈಟ್ ಮಾಡಿಕೊಂಡು, ಆಮೇಲೆ ಗ್ರೀಸ್‌ನ ಬಣ್ಣ ಬರಿಸುತ್ತದೆ. ಬ್ಯಾಕ್ಟೀರಿಯಾಗಳು ವಾರಗಟ್ಟಲೆ ಕಷ್ಟಪಟ್ಟು ಮಾಡಿದ್ದನ್ನು ಪ್ರನಾಳದಲ್ಲಿ ನಿಮಿಷಗಳಲ್ಲಿ ಕೆಡವುವುದು ಎಂದರೂ ಸರಿ. ಹಾಗೆ ಕೆಡವುವ ಪುಡಿ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೇ ಬಾಟಲಿಯನ್ನು ಅರ್ಧ ನಿಮಿಷ, ಪ್ರನಾಳವನ್ನು ಒಂದು ನಿಮಿಷ ಜೋರಾಗಿ ಕುಲುಕಬೇಕೆಂದು ಸೂಚನೆ ಕೊಟ್ಟಿರುತ್ತಾರೆ. ಕುಲುಕದಿದ್ದರೆ ನೈಟ್ರೇಟ್ ಇದ್ದರೂ ಕಡಿಮೆ ಎಂದೇ ಬರುತ್ತದೆ. ಸೋಮಾರಿಯ ತೊಟ್ಟಿ ಯಾವಾಗಲೂ ಆರೋಗ್ಯವಾಗಿರುವುದರ ಗುಟ್ಟು ಇದು. ಕಿತ್ತಳೆಯಿಂದ ಕೆಂಪಿಗೆ ಹೋಗುವ ದಾರಿಯಲ್ಲಿ ಅದು ಲೀಟರಿಗೆ 40 ಮಿಲಿಗ್ರಾಂ ಇದೆಯೋ 80 ಇದೆಯೋ ಎಂದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಪಿಎಚ್‌ ಬಗ್ಗೆ ನನಗೆ ಸ್ವಲ್ಪ ಕೋಪವಿದೆ, ಪಿಎಚ್ ಮೇಲಲ್ಲ, ಅದರ ಹಿಂದೆ ಬಿದ್ದವರ ಮೇಲೆ. ಯಾವುದೋ ಮೀನಿಗೆ 6.8 ಬೇಕು ಎಂದು ಓದಿರುತ್ತಾರೆ. ತೊಟ್ಟಿಯಲ್ಲಿ 7.6 ಇರುತ್ತದೆ. ಇಳಿಸುವ ದ್ರಾವಣ ಹಾಕುತ್ತಾರೆ, ಇಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಮತ್ತೆ ಏರಿರುತ್ತದೆ, ಮತ್ತೆ ಹಾಕುತ್ತಾರೆ. ಪಿಎಚ್‌ನಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು ಎಂಬುದು ಮೀನಿಗೆ ಚೆನ್ನಾಗಿ ಗೊತ್ತು. ಸಾಕಣೆಯಲ್ಲೇ ಹುಟ್ಟಿ ಬೆಳೆದ ಹೆಚ್ಚಿನ ಮೀನುಗಳು ನೆಲೆಯಾಗಿ ನಿಂತ 7.6ಕ್ಕೆ ಹೊಂದಿಕೊಳ್ಳುತ್ತವೆ. ದಿನವೂ ಏರಿಳಿಯುವ 6.8ಕ್ಕೆ ಹೊಂದಿಕೊಳ್ಳುವುದು ಕಷ್ಟ. ಗಿಡಗಳಿರುವ ತೊಟ್ಟಿಯಲ್ಲಂತೂ ಬೆಳಕಿರುವಷ್ಟು ಹೊತ್ತು ಎಲೆಗಳು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಪಿಎಚ್ ಸಂಜೆಗೆ ತಾನಾಗಿಯೇ ಮೇಲಿರುತ್ತದೆ, ಬೆಳಗಿನ ಜಾವಕ್ಕೆ ಕೆಳಗೆ. ಒಂದು ದಿನ ಬೆಳಗ್ಗೆ, ಇನ್ನೊಂದು ದಿನ ಸಂಜೆ ಅಳೆದು ಗಾಬರಿಯಾದವರು ಗಡಿಯಾರ ನೋಡಿಕೊಂಡರೆ ಸಾಕಿತ್ತು. ಬೇಕಾದದ್ದು ಅದೇ ಕಿಟಕಿ, ಅದೇ ಹೊತ್ತು, ಆದಷ್ಟೂ ಅದೇ ಕಣ್ಣು. ಮತ್ತೆ ಬರೆದಿಡಲು ಒಂದು ಹಳೆಯ ನೋಟ್‌ಬುಕ್. ಒಂದು ದಿನದ ಅಂಕಿಯನ್ನು ನಾನು ನಂಬುವುದಿಲ್ಲ. ಒಂದರ ಕೆಳಗೊಂದು ನಿಂತ ಅಂಕಿಗಳು ಯಾವ ಕಡೆ ನಡೆದಿವೆ ಎಂಬುದನ್ನು ನಂಬುತ್ತೇನೆ.

ಆ ನಡಿಗೆಯನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಕಾರ್ಬೊನೇಟ್ ಗಡಸುತನದ ಪರೀಕ್ಷೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನೀರಿನ ಬೈಕಾರ್ಬೊನೇಟ್ ಅದನ್ನು ನುಂಗಿಕೊಂಡು ಪಿಎಚ್ ಕದಲದಂತೆ ಕಾಯುತ್ತದೆ. ನೀರು ಬದಲಿಸದೆ ತಿಂಗಳುಗಟ್ಟಲೆ ಬಿಟ್ಟರೆ ಈ ಬೈಕಾರ್ಬೊನೇಟ್ ಮುಗಿದುಹೋಗಿ ಪಿಎಚ್ ಒಮ್ಮೆಗೇ ಜಾರುತ್ತದೆ. ಆಮ್ಲೀಯ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಅಮೋನಿಯಂ ಸದ್ದಿಲ್ಲದೆ ಕೂಡಿಕೊಳ್ಳುತ್ತದೆ. ಆಗ ಯಾರಾದರೂ ಕನಿಕರದಿಂದ ಒಂದೇ ಸಲಕ್ಕೆ ಅರ್ಧ ತೊಟ್ಟಿ ಹೊಸ ನೀರು ಸುರಿದರೆ ಪಿಎಚ್ ಏರಿ, ಕೂಡಿಟ್ಟ ಅಮೋನಿಯಂ ಬಿಡಿ ಅಮೋನಿಯಾ ಆಗುತ್ತದೆ. ಮೀನು ಸತ್ತಾಗ ದೂರು ಹೊಸ ನೀರಿನ ಮೇಲೆ.

ಈ ಪರೀಕ್ಷೆಗೆ ಬಣ್ಣದ ರಟ್ಟೇ ಬೇಡ ಎಂಬುದು ನನ್ನ ಪ್ರೀತಿಗೆ ಇನ್ನೊಂದು ಕಾರಣ. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಒಂದೊಂದೇ ಹನಿ ಹಾಕಿ ಅಲುಗಿಸುತ್ತ ಹೋದರೆ ಯಾವುದೋ ಒಂದು ಹನಿಗೆ ನೀಲಿ ಹೋಗಿ ಹಳದಿ ಬರುತ್ತದೆ. ಎಷ್ಟು ಹನಿ ಬಿದ್ದವೋ ಅಷ್ಟು ಡಿಗ್ರಿ ಗಡಸುತನ. ಇಲ್ಲಿ ಹಳದಿಯೋ ಹಸಿರೋ ಎಂಬ ವಾದವಿಲ್ಲ, ಎಣಿಸಲು ಬಂದರೆ ಸಾಕು. ಐದು, ಆರು, ಏಳು ಎಂದು ಮನಸ್ಸಿನಲ್ಲೇ ಎಣಿಸುತ್ತಿರುವಾಗ ಹಿಂದಿನಿಂದ ಮಗಳು “ಎಷ್ಟಾಯಿತು ಅಪ್ಪ?” ಎನ್ನುತ್ತಾಳೆ. ಪ್ರನಾಳ ಬರಿದುಮಾಡಿ, ತೊಳೆದು, ಮತ್ತೆ ಐದು ಮಿಲಿಲೀಟರ್ ತುಂಬಿಕೊಳ್ಳುತ್ತೇನೆ.