ಚಿಗರಿಗೆ ಹೊಲ ಬೇಕಿತ್ತು

ಕಳೆದ ತಿಂಗಳು ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಮಗನ ಹುಟ್ಟುಹಬ್ಬಕ್ಕೆ ಸೈಬೀರಿಯನ್ ಹಸ್ಕಿ ಮರಿಯೊಂದನ್ನು ತರಬೇಕೆಂದಿರುವುದಾಗಿ ಹೇಳಿ, ನಾಯಿ ಸಾಕಿದ ಅನುಭವ ಇರುವವನೆಂಬ ಕಾರಣಕ್ಕೆ ನನ್ನ ಅಭಿಪ್ರಾಯ ಕೇಳಿದರು. ಅವರ ಮೊಬೈಲಿನಲ್ಲಿದ್ದ ಫೋಟೋದಲ್ಲಿ ಮರಿಯ ಕಣ್ಣು ಆಕಾಶನೀಲಿಯಾಗಿತ್ತು. ಬೆಲೆಯೂ ಆಕಾಶದಲ್ಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಜೊತೆಗೆ ಊಟಕ್ಕೆ ಕುಳಿತಿದ್ದ ಇನ್ನೊಬ್ಬರು, ‘ಈ ಸೆಕೆಗೆ ಹಸ್ಕಿ ಯಾಕ್ರೀ, ನಮ್ಮದೇ ಮುಧೋಳ ತನ್ನಿ, ದೇಶಿ ತಳಿ, ಯಾವ ತೊಂದರೆಯೂ ಇಲ್ಲ’ ಎಂದುಬಿಟ್ಟರು. ಹಸ್ಕಿಯ ಆಸೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಈ ಎರಡನೆಯವರ ಮಾತು ನನ್ನನ್ನು ಸಂಜೆಯವರೆಗೂ ಕಾಡಿತು. ಏಕೆಂದರೆ ಇದೇ ಮಾತನ್ನು ನಂಬಿ, ಮುಧೋಳದ ಮರಿಯೊಂದನ್ನು ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆಗೆ ತಂದವನು ನಾನೇ.

ಅದು 2020ರ ನವೆಂಬರ್. ಅದೇ ವರ್ಷದ ಆಗಸ್ಟ್ 30ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ ಮುಂತಾದ ತಳಿಗಳ ಹೆಸರು ಹೇಳಿ, ನಾಯಿ ಸಾಕುವವರು ಭಾರತೀಯ ತಳಿಗಳನ್ನೇ ಸಾಕಿರಿ ಎಂದಿದ್ದರು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ನಾಯಿ ಸಾಕಲು ಬೇಕಾದಷ್ಟು ಸಮಯವಿದೆ ಎಂಬ ಭ್ರಮೆ ನನ್ನಂಥ ಅನೇಕರಿಗಿತ್ತು. ಜೊತೆಗೆ ಮುಧೋಳವೆಂದರೆ ನಮ್ಮ ಹೆಮ್ಮೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಐದನೇ ಜಾರ್ಜ್ ದೊರೆಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದದ್ದು, ಸೇನೆ ಇದನ್ನು ತರಬೇತಿಗೆ ಆಯ್ದುಕೊಂಡದ್ದು ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾಗದೆ ಉಳಿದದ್ದು ಒಂದೇ: ಈ ನಾಯಿ ಇಷ್ಟು ಕಾಲ ಯಾವ ಕೆಲಸ ಮಾಡಿಕೊಂಡು ಬಂದಿದೆ ಎಂಬ ವಿಷಯ.

ಲೋಕಾಪುರದ ಹತ್ತಿರದ ಹಳ್ಳಿಯ ರೈತರೊಬ್ಬರ ಮನೆಯಲ್ಲಿ ಮರಿಗಳಿದ್ದವು. ತಾಯಿ ನಾಯಿ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿತ್ತು. ನಾನು ಹತ್ತಿರ ಹೋದಾಗ ಬೊಗಳಲಿಲ್ಲ, ಬಾಲ ಅಲ್ಲಾಡಿಸಲೂ ಇಲ್ಲ, ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ ಮತ್ತೆ ಮಲಗಿತು. ಪರಕೀಯರ ಕೈ ಮೈಮೇಲೆ ಬೀಳುವುದು ಈ ನಾಯಿಗಳಿಗೆ ಹಿಡಿಸುವುದಿಲ್ಲವೆಂಬ ಮೊದಲ ಪಾಠ ಅಲ್ಲೇ ಸಿಕ್ಕಿತ್ತು, ನಾನು ಕಲಿಯಲಿಲ್ಲ. ಮನೆಯ ಯಜಮಾನರು ನುಚ್ಚು ಹಾಲು ಕಲಸುತ್ತಲೇ ಕೇಳಿದರು: ‘ಮರಿ ಒಯ್ರಿ ಸಾಹೇಬ್ರ, ನಂದೇನ್ ತಕರಾರಿಲ್ಲ. ಓಡಸಾಕ ಹೊಲ ಐತೇನ್ರಿ ನಿಮಗ?’ ಮನೆಯ ಹತ್ತಿರವೇ ಪಾರ್ಕ್ ಇದೆ ಎಂದೆ. ‘ಪಾರ್ಕಂದ್ರ ಎಷ್ಟ್ ಎಕರೆ ಬರ್ತದ್ರಿ ಅದು?’ ಎಂದರು. ಅವರು ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ.

ತಳಿ ಎಂದರೆ ಬಣ್ಣವಲ್ಲ, ಕಿವಿಯ ಆಕಾರವಲ್ಲ, ಅದು ತಲೆಮಾರುಗಳಿಂದ ಮೈಗೂಡಿದ ಕೆಲಸ. ಡ್ಯಾಶ್‌ಹುಂಡ್ ನೆಲದಡಿಯ ಬಿಲದೊಳಗೆ ನುಗ್ಗಿ ಪ್ರಾಣಿಯನ್ನು ಹೊರಗೆಳೆಯಲೆಂದು ಬೆಳೆಸಿದ ನಾಯಿ. ಅದು ನಿಮ್ಮ ಕುಂಡದ ಮಣ್ಣನ್ನು ಕೆದರಿದರೆ ಹಟಮಾರಿತನವಲ್ಲ. ಬಾರ್ಡರ್ ಕೋಲಿ ಕುರಿಮಂದೆಯನ್ನು ಸುತ್ತುಗಟ್ಟಿ ಕಾಯುವ ನಾಯಿ. ಕುರಿ ಇಲ್ಲದ ಮನೆಯಲ್ಲಿ ಅದು ಓಡುವ ಮಕ್ಕಳನ್ನೇ ಸುತ್ತುಗಟ್ಟುತ್ತದೆ, ಕಾಲಿನ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯುತ್ತಿದ್ದ ಹಸ್ಕಿಗೆ ಎರಡು ಪದರದ ತುಪ್ಪಳವಿದೆ, ಮೈಲಿಗಟ್ಟಲೆ ಎಳೆಯುವ ಚಪಲವಿದೆ. ಏಸಿ ಹಾಕಿಸಿದರೆ ಮೊದಲನೆಯದಕ್ಕೆ ಅರ್ಧ ಪರಿಹಾರ ಸಿಗಬಹುದು, ಎರಡನೆಯದಕ್ಕೆ ಏನೂ ಸಿಗುವುದಿಲ್ಲ. ಪಗ್ ಒಂದರದು ಬೇರೆಯೇ ಕಥೆ. ಅದನ್ನು ಬೆಳೆಸಿದ್ದೇ ತೊಡೆಯ ಮೇಲೆ ಕೂರಲೆಂದು, ಆದ್ದರಿಂದ ಫ್ಲಾಟಿಗೆ ಹೊಂದುತ್ತದೆ ಎನ್ನಬಹುದು. ಆದರೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡುವ ಪಗ್ ನೋಡಿ ಮಾರುಹೋದ ನಮಗೆ, ಮುಖವನ್ನು ಚಪ್ಪಟೆ ಮಾಡುತ್ತಾ ಹೋದಂತೆ ಅದರ ಶ್ವಾಸದ ದಾರಿಯೂ ಕಿರಿದಾಗಿದೆ ಎಂದು ಯಾರೂ ಹೇಳಲಿಲ್ಲ. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಸರಿಯಾಗಿ ಉಸಿರಾಡಲಾಗದ ನಾಯಿಗೆ ರಾಯಚೂರು, ಕಲಬುರಗಿಯ ಮೇ ತಿಂಗಳು ಎಂದರೆ ಏನೆಂದು ಊಹಿಸಿಕೊಳ್ಳಿ.

ಇನ್ನು ನನ್ನ ನಾಯಿಗೆ ಬರುತ್ತೇನೆ. ಚಿಗರಿ ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಅವಳ ತವರು ರಾಣೇಬೆನ್ನೂರಿನ ಕಡೆ, ಕೃಷ್ಣಮೃಗವನ್ನು ಕಂಡು ಬೆಳೆದವಳು. ಮುಧೋಳ ನಾಯಿ ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಪಶ್ಚಿಮ ಏಷ್ಯಾದಿಂದ ಬಂದ ಸಲೂಕಿಯಂಥ ನಾಯಿಗಳ ವಂಶದ್ದೆಂದು ಹೇಳುತ್ತಾರೆ (ಹಾಗಾದರೆ ‘ದೇಶಿ’ ಎಂಬ ಹಣೆಪಟ್ಟಿಯ ಬಗ್ಗೆಯೂ ನಾವು ಸ್ವಲ್ಪ ವಿನಯದಿಂದ ಇರುವುದು ಒಳ್ಳೆಯದು). ಎರೆಹೊಲದ ಬಯಲಿನಲ್ಲಿ ದೂರದಲ್ಲೊಂದು ಮೊಲ ಮಿಸುಕಿದರೆ ಸಾಕು, ಅದನ್ನು ಕಂಡು, ಯಜಮಾನನ ಅಪ್ಪಣೆಗೆ ಕಾಯದೆ, ತಾನೇ ತೀರ್ಮಾನಿಸಿ, ಬೆನ್ನಟ್ಟಿ ಹಿಡಿಯುವುದೇ ಅದರ ಕಸುಬು. ಆ ಕ್ಷಣದಲ್ಲಿ ಅದರ ಕಿವಿಗೆ ನಿಮ್ಮ ಕೂಗು ತಲುಪುವುದಿಲ್ಲ. ಇದು ಅವಿಧೇಯತೆ ಅಲ್ಲ, ಅದರ ಕೆಲಸದ ಯೋಗ್ಯತಾಪತ್ರ.

ಒಂಬತ್ತು ತಿಂಗಳಾಗಿದ್ದಾಗ ಪಾರ್ಕಿನ ಕಲ್ಲುಬೆಂಚಿನ ಕೆಳಗಿನಿಂದ ಬೆಕ್ಕೊಂದು ಹೊರಟಿತು. ನನ್ನ ಕೈಗೆ ಒಂದು ಜಗ್ಗು ಬಿತ್ತು, ಆಮೇಲೆ ಹಗ್ಗ ಹಗುರವಾಯಿತು. ನೋಡಿದರೆ ಕೊರಳಪಟ್ಟಿ, ಬಕಲ್ ಹಾಕಿದ್ದು ಹಾಕಿದ ಹಾಗೆಯೇ, ಹಗ್ಗದ ತುದಿಯಲ್ಲಿ ತೂಗುತ್ತಿತ್ತು. ಈ ತಳಿಯ ತಲೆ ಉದ್ದ ಮತ್ತು ಕಿರಿದು, ಕುತ್ತಿಗೆ ಅದಕ್ಕಿಂತ ದಪ್ಪ. ಸಾಮಾನ್ಯ ಪಟ್ಟಿಯನ್ನು ಹಿಂದಕ್ಕೆ ಜಗ್ಗಿದರೆ ಬಳೆ ಕಳಚಿದಂತೆ ಕಳಚಿಕೊಳ್ಳುತ್ತದೆ. ಮೂರು ಗಂಟೆಯ ನಂತರ, ಎರಡು ಮುಖ್ಯರಸ್ತೆಗಳ ಆಚೆಯ ಖಾಲಿ ಸೈಟಿನಲ್ಲಿ, ಮರಳಿನ ಗುಡ್ಡೆಯ ಮೇಲೆ ಮಲಗಿದ್ದಳು. ಮುಂಗಾಲಿನ ಅಂಗಾಲು ಹರಿದು, ಚರ್ಮದ ಚೂರು ಒಂದೇ ಕಡೆ ಅಂಟಿಕೊಂಡು ನೇತಾಡುತ್ತಿತ್ತು. ಅವಳನ್ನು ಎತ್ತಿಕೊಂಡು ಬರುವಾಗ ಆ ರೈತರ ಎಕರೆ ಲೆಕ್ಕ ನೆನಪಾಯಿತು. ಎಳೆದಾಗ ಅಳತೆಯಷ್ಟೇ ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವ ಮಾರ್ಟಿಂಗೇಲ್ ಎಂಬ ಪಟ್ಟಿಯೊಂದಿದೆ ಎಂದು ನನಗೆ ತಿಳಿದದ್ದು ಆಮೇಲೆ. ಮರಿ ತರುವ ಮೊದಲು ತಿಳಿದಿರಬೇಕಿತ್ತು.

ತಪ್ಪು ಅಲ್ಲಿಗೇ ಮುಗಿಯಲಿಲ್ಲ. ಹೇಳಿದ ಮಾತು ಕೇಳಲೆಂದು ತರಬೇತುದಾರರೊಬ್ಬರನ್ನು ಗೊತ್ತುಮಾಡಿದೆ. ಜರ್ಮನ್ ಶೆಫರ್ಡ್‌ಗಳನ್ನು ಪಳಗಿಸಿ ಹೆಸರಾದವರು. ಅವರ ವಿಧಾನ ಸರಪಳಿಯ ಜಗ್ಗಾಟ ಮತ್ತು ಗದರಿಕೆ. ನಾಲ್ಕನೇ ದಿನಕ್ಕೆ ಚಿಗರಿ ಅವರ ಬೈಕಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿ, ಊಟಕ್ಕೂ ಹೊರಬರುತ್ತಿರಲಿಲ್ಲ. ಈ ಬಗೆಯ ನಾಯಿಗಳು ಏಟಿಗೆ ತಿರುಗಿ ಬೀಳುವುದು ಕಡಿಮೆ, ಮುದುಡಿಕೊಳ್ಳುವುದೇ ಹೆಚ್ಚು, ಹಾಗೆ ಮುದುಡಿದ್ದನ್ನು ನಾವು ವಿಧೇಯತೆ ಎಂದು ತಪ್ಪು ತಿಳಿಯುತ್ತೇವೆ. ಆರನೇ ದಿನ ಅವರಿಗೆ ಹಣ ಕೊಟ್ಟು ಕಳುಹಿಸಿದೆ. ಬೇಯಿಸಿದ ಮೊಟ್ಟೆಯ ಚೂರುಗಳನ್ನು ಜೇಬಿನಲ್ಲಿ ಇಟ್ಟುಕೊಂಡು, ಹೆಸರು ಕರೆದಾಗ ತಿರುಗಿ ನೋಡಿದರೆ ಒಂದು ಚೂರು ಎಂಬ ಸರಳ ವ್ಯಾಪಾರದಿಂದ ಮತ್ತೆ ಶುರುಮಾಡಿದೆವು. ನನ್ನ ಪ್ಯಾಂಟುಗಳ ಜೇಬಿಗೆಲ್ಲ ಆ ವಾಸನೆ ಈಗಲೂ ಇದೆ.

ಆರೈಕೆಯಲ್ಲಿ ಜನರಿಂದ ಬರುವ ಕಿರುಕುಳವೂ ಒಂದು ಭಾಗ. ಮುಧೋಳ ನಾಯಿಯ ಹೊಟ್ಟೆ ಬೆನ್ನಿಗೆ ಅಂಟಿದಂತೆ ಇರಬೇಕು, ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು, ಅದೇ ಆರೋಗ್ಯ. ನಮ್ಮ ಬೀದಿಯ ಹಿರಿಯರೊಬ್ಬರು ಮಾತ್ರ ನಾವು ಅವಳನ್ನು ಉಪವಾಸ ಕೆಡವಿದ್ದೇವೆಂದೇ ತೀರ್ಮಾನಿಸಿ, ಗೇಟಿನ ಸಂದಿಯಿಂದ ದಿನಾ ಗ್ಲೂಕೋಸ್ ಬಿಸ್ಕತ್ತು ಹಾಕುತ್ತಿದ್ದರು. ಎದುರು ಮನೆಯ ಲ್ಯಾಬ್ರಡಾರ್ ಸ್ಟೂಲಿನಂತೆ ದುಂಡಗಾಗಿದ್ದರೂ ಅದನ್ನು ‘ಚೆನ್ನಾಗಿ ಸಾಕಿದ್ದಾರೆ’ ಎನ್ನುತ್ತಿದ್ದವರೂ ಅವರೇ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಪಿಓಎಂಸಿ ಎಂಬ ಜೀನಿನ ಒಂದು ತುಣುಕೇ ಇಲ್ಲದಿರುವುದರಿಂದ ಹೊಟ್ಟೆ ತುಂಬಿದ ಅರಿವು ಸರಿಯಾಗಿ ಬರುವುದಿಲ್ಲವೆಂದು 2016ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ಆ ತಳಿಯ ಬೇಡುವ ಕಣ್ಣಿಗೆ ಕರಗಿ ತುತ್ತು ಹಾಕುತ್ತಾ ಹೋದರೆ, ಮೊದಲೇ ಸೊಂಟದ ಕೀಲಿನ ದೋಷಕ್ಕೆ ಹೆಸರಾದ ನಾಯಿಗೆ ಇನ್ನಷ್ಟು ಭಾರ ಹೊರಿಸಿದಂತೆ.

ದೇಶಿ ತಳಿಗೆ ಕಾಯಿಲೆಯೇ ಬರುವುದಿಲ್ಲವೆಂಬ ನಂಬಿಕೆಗೆ ನಾನು ಕೊಟ್ಟ ಬೆಲೆಯನ್ನೂ ಹೇಳಬೇಕು. ಒಂದೂವರೆ ವರ್ಷದವಳಾಗಿದ್ದಾಗ ಒಂದು ಬೆಳಿಗ್ಗೆ ಊಟ ಮುಟ್ಟಲಿಲ್ಲ. ಸೆಕೆ ಇರಬೇಕೆಂದು ಮೊಸರನ್ನ ಕೊಟ್ಟು ಎರಡು ದಿನ ಕಾದೆ. ಮೂರನೆಯ ದಿನ ಪಶುವೈದ್ಯರು ಮೊದಲು ಮಾಡಿದ್ದು ಅವಳ ತುಟಿ ಮೇಲಕ್ಕೆತ್ತಿ ವಸಡು ನೋಡಿದ್ದು: ಗುಲಾಬಿಯಾಗಿರಬೇಕಾದದ್ದು ಸುಣ್ಣ ಬಳಿದ ಗೋಡೆಯಂತಿತ್ತು. ಕಿವಿಯ ಒಳಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಹರಳುಬೀಜದ ಬಣ್ಣದ ಉಣ್ಣೆಹುಳುಗಳಿದ್ದವು. ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್ ಎಂಬ ಜ್ವರವದು. ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ತಡಮಾಡಿದರೆ ಮೂಗಿನಿಂದ ರಕ್ತ ಬರುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ, ಒಂದು ದಿನವೂ ತಪ್ಪದೆ, ಹೊಟ್ಟೆ ತುಂಬಿದ ಮೇಲೆ ಕೊಡಬೇಕಿತ್ತು. ಎಂಟನೇ ದಿನಕ್ಕೆ ಅವಳು ಓಡಾಡತೊಡಗಿದಾಗ ನಿಲ್ಲಿಸಿಬಿಡೋಣ ಎನಿಸಿದ್ದು ಸುಳ್ಳಲ್ಲ. ಅಂದಿನಿಂದ ರಾತ್ರಿ ಟಿವಿ ನೋಡುವಾಗ ನನ್ನ ಬೆರಳು ತಾನಾಗಿಯೇ ಅವಳ ಕಿವಿಯ ಮಡಿಕೆಯಲ್ಲಿ ಹುಡುಕುತ್ತಿರುತ್ತದೆ. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಹೋದಾಗ ತಿಳಿದ ಇನ್ನೊಂದು ಸಂಗತಿ: ಗ್ರೇಹೌಂಡ್ ಬಗೆಯ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಅವು ಎಚ್ಚರಗೊಳ್ಳುವುದು ತುಂಬಾ ನಿಧಾನ. ನಿಮ್ಮ ನಾಯಿಯ ತಳಿ ಯಾವುದೆಂದು ವೈದ್ಯರು ಕೇಳುವುದು ಕುತೂಹಲಕ್ಕಲ್ಲ.

ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಆಮದು, ಸಾಕಣೆ, ಮಾರಾಟ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಹೆಸರಿನ ಪಟ್ಟಿ ಮಾಡಿ ನಾಯಿಯನ್ನು ನಿಷೇಧಿಸುವುದು ಸೋಮಾರಿ ಉಪಾಯವೆಂದೇ ನನ್ನ ಅಭಿಪ್ರಾಯ. ಹಾಗೆಂದು ‘ಎಲ್ಲವೂ ಸಾಕುವ ರೀತಿಯಲ್ಲಿದೆ, ತಳಿಯಲ್ಲಿ ಏನೂ ಇಲ್ಲ’ ಎನ್ನುವವರ ಪಕ್ಷವೂ ನನ್ನದಲ್ಲ. ಕಾವಲಿಗೆಂದೇ ಬೆಳೆಸಿದ ಬಲಶಾಲಿ ನಾಯಿಯನ್ನು ಹಗಲೆಲ್ಲ ಗೇಟಿಗೆ ಕಟ್ಟಿಹಾಕಿ, ದಾರಿಹೋಕರನ್ನು ಕಂಡು ಅದು ಹಲ್ಲು ಕಿರಿದಾಗ ಹೆಮ್ಮೆಪಡುವ ಮನೆಗಳನ್ನು ನಾನು ಕಂಡಿದ್ದೇನೆ. ಪರವಾನಗಿ, ತಪಾಸಣೆ ಏನಾದರೂ ಬೇಕಿದ್ದರೆ ಅದು ಮೊದಲು ಹಗ್ಗದ ಈ ತುದಿಯಲ್ಲಿರುವವರಿಗೆ ಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು 2017ರ ನಿಯಮವೇ ಇದೆ. ಆದರೂ ಕಣ್ಣು ಬಿಟ್ಟು ಎರಡು ಮೂರು ವಾರವಾದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿವೆ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಎಷ್ಟು ಕಚ್ಚಿದರೆ ನೋವಾಗುತ್ತದೆಂದು ಕಲಿಯಬೇಕಾದ ವಾರಗಳವು. ಅದನ್ನು ಕಲಿಯದ ಮರಿ ನಿಮ್ಮ ಮಗುವಿನ ಕೈಯ ಮೇಲೆ ಕಲಿಯುತ್ತದೆ.

ಈಗ ನಮ್ಮ ದಿನಚರಿ ಚಿಗರಿಯದೇ. ಬೆಳಗಿನ ಐದೂವರೆಗೆ ಒಂದು ಗಂಟೆಯ ನಡಿಗೆ, ಸಂಜೆ ಮತ್ತೊಂದು ಗಂಟೆ. ಭಾನುವಾರ ದೊಡ್ಡಬಳ್ಳಾಪುರದ ಕಡೆ ಗೆಳೆಯರೊಬ್ಬರ ಬೇಲಿ ಹಾಕಿದ ಮೂರು ಎಕರೆಯಲ್ಲಿ ಪಟ್ಟಿ ಬಿಚ್ಚುತ್ತೇವೆ. ಅವಳು ಬೇಲಿಯಂಚಿನಲ್ಲಿ ನಾಲ್ಕು ಸುತ್ತು ಹಾಕಿ ಬಂದು, ಉಳಿದ ಹೊತ್ತೆಲ್ಲ ಕಾರಿನ ನೆರಳಿನಲ್ಲಿ ಮಲಗುತ್ತಾಳೆ. ಈ ತಳಿಗೆ ದಿನವಿಡೀ ಕುಣಿಯುವ ಚಟವಿಲ್ಲ, ಆ ಕೆಲವು ನಿಮಿಷಗಳು ಮಾತ್ರ ಬೇಕೇ ಬೇಕು. ಅದು ತಪ್ಪಿದ ವಾರ ಸೋಫಾದ ಸ್ಪಂಜು ಹಜಾರದ ತುಂಬ ಹರಡಿರುತ್ತದೆ. ಅವಳನ್ನು ತಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆದರೆ ಇನ್ನೊಬ್ಬರಿಗೆ ‘ಮುಧೋಳ ತನ್ನಿ’ ಎಂದು ನಾನಂತೂ ಹೇಳಲಾರೆ. ಮನೆಯ ಅಳತೆ, ಎದ್ದೇಳುವ ಹೊತ್ತು, ಕೈಯಲ್ಲಿರುವ ಬಿಡುವು ಇವಿಷ್ಟನ್ನು ಮೊದಲು ಬರೆದಿಟ್ಟು ಆಮೇಲೆ ತಳಿಯ ಮಾತು ಎತ್ತಿದರೆ, ಬಹುಪಾಲು ಫ್ಲಾಟುಗಳಿಗೆ ನಮ್ಮ ಬೀದಿಯ ಸಾಧಾರಣ ನಾಯಿಮರಿಯೇ, ಹೆಸರಿಲ್ಲದ ತಳಿಯೇ, ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಎಣಿಕೆ.

ಸಹೋದ್ಯೋಗಿಗೆ ನಾನು ಅಭಿಪ್ರಾಯವನ್ನೇ ಹೇಳಲಿಲ್ಲ. ಮರಿ ತರುವ ಮೊದಲು ನಾಲ್ಕು ಭಾನುವಾರ ಮಗನನ್ನು ಕರೆದುಕೊಂಡು ಬೆಳಗಿನ ಐದೂವರೆಗೆ ನಮ್ಮ ಮನೆಗೆ ಬನ್ನಿ, ಚಿಗರಿಯ ಹಗ್ಗ ಹುಡುಗನೇ ಹಿಡಿಯಲಿ ಎಂದಷ್ಟೇ ಹೇಳಿದೆ. ಮೊದಲ ಭಾನುವಾರ ಹೇಳಿದ ಹೊತ್ತಿಗೆ ಬಂದರು, ಒಬ್ಬರೇ. ಹುಡುಗ ಇನ್ನೂ ಮಲಗಿದ್ದನಂತೆ.